ಬಿರುಗಾಳಿಗೆ ಕರೆಂಟ್ ಹೋದರೆ: ಅಯೋವಾದ ಸಣ್ಣ ಊರಿಗೆ ಹೊಸದಾಗಿ ಬಂದವರಿಗೆ

ಗಾಳಿ ಜೋರಾದಾಗ ದೀಪ ಎರಡು ಮೂರು ಸಲ ಹೋಗಿ ಬಂದು, ಆಮೇಲೆ ಪೂರ್ತಿ ಹೋಯಿತು ಅಂದರೆ ಬ್ರೇಕರ್ ನೋಡಲು ಬೇಸ್‌ಮೆಂಟಿಗೆ ಓಡಬೇಡಿ. ತೊಂದರೆ ಇರುವುದು ಲೈನಿನಲ್ಲಿ. ಕಂಬದ ಮೇಲೆ ರೀಕ್ಲೋಸರ್ ಅಂತ ಒಂದು ಸ್ವಿಚ್ಚು ಇರುತ್ತದೆ. ತಂತಿಗೆ ಕೊಂಬೆ ತಗುಲಿದರೆ ಅದು ಕರೆಂಟ್ ಕಡಿದು, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಕೊಟ್ಟು ನೋಡುತ್ತದೆ. ಕೊಂಬೆ ಅಷ್ಟರಲ್ಲಿ ಕೆಳಗೆ ಬಿದ್ದಿದ್ದರೆ ಸರಿ, ನಿಮ್ಮ ದೀಪ ಉಳಿಯುತ್ತದೆ. ಇಲ್ಲದಿದ್ದರೆ ಇನ್ನೊಂದೆರಡು ಸಲ ನೋಡಿ ಸುಮ್ಮನಾಗುತ್ತದೆ. ಆಮೇಲೆ ಲೈನ್‌ಮನ್ ಬಂದೇ ಆಗಬೇಕು. ಹಾಗಲ್ಲದೆ ಹೊರಗೆ ಢಬ್ ಅಂತ ಸದ್ದು ಕೇಳಿ, ಒಂದೇ ಏಟಿಗೆ ಕರೆಂಟ್ ಹೋಯಿತೋ, ಹತ್ತಿರದ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಹಾರಿರಬಹುದು. ಫೋನ್ ಮಾಡುವಾಗ ಈ ವಿಷಯ ಹೇಳಿ. ಕತ್ತಲಲ್ಲಿ ಹುಡುಕುವವರಿಗೆ ಅಷ್ಟು ಕೆಲಸ ಕಡಿಮೆ.

ನಾನಿರುವುದು ಪೂರ್ವ ಅಯೋವಾದ ಒಂದು ಸಣ್ಣ ಊರಲ್ಲಿ. ಒಂದು ಗ್ಯಾಸ್ ಸ್ಟೇಷನ್, ಧಾನ್ಯ ತುಂಬುವ ಎಲಿವೇಟರ್, ಎರಡು ಚರ್ಚು. ಉಳಿದದ್ದೆಲ್ಲ ಮೆಕ್ಕೆಜೋಳ, ಸೋಯಾ. ಷಿಕಾಗೊ ಕಡೆಯಿಂದ ಕೆಲಸಕ್ಕೆ ಅಂತ ಇಂಥ ಊರುಗಳಿಗೆ ಬರುವ ನಮ್ಮವರು ಈಗ ಜಾಸ್ತಿ. ಅವರೆಲ್ಲ ಕೇಳುವ ಮೊದಲ ಪ್ರಶ್ನೆ, 'ಜನರೇಟರ್ ಯಾವುದು ತಗೊಳ್ಳಲಿ?' ಅದು ಆಮೇಲಿನ ಮಾತು. ಮೊದಲು ಒಂದು ಭಾನುವಾರ ಮನೆಯ ಮೇನ್ ಬ್ರೇಕರ್ ಆಫ್ ಮಾಡಿ, ಒಂದು ಗಂಟೆ ಸುಮ್ನೆ ಓಡಾಡಿ. ಏನೇನು ನಿಲ್ಲುತ್ತದೆ ಅಂತ ಬರೆದುಕೊಳ್ಳಿ.

ದೀಪ, ವೈಫೈ ಹೋಗುವುದು ಎಲ್ಲರಿಗೂ ಗೊತ್ತು. ಆದರೆ ಮನೆ ಬಿಸಿ ಮಾಡುವ ಫರ್ನೇಸ್ ಗ್ಯಾಸಿನದಾದರೂ ಅದರ ಫ್ಯಾನು, ಒಳಗಿನ ಬೋರ್ಡು ಎರಡೂ ಕರೆಂಟಿನವು. ಹಾಗಾಗಿ ಅದೂ ನಿಲ್ಲುತ್ತದೆ. ಊರಾಚೆ ಬಾವಿ ನೀರಿನ ಮನೆಯಾದರೆ ಪಂಪ್ ನಿಂತು, ಟ್ಯಾಂಕಿನ ಒತ್ತಡ ಇಳಿದ ಮೇಲೆ ನಲ್ಲಿಯೂ ಬಂದ್. ಗ್ಯಾರೇಜ್ ಬಾಗಿಲು ಏಳುವುದಿಲ್ಲ. ಮೋಟಾರಿನಿಂದ ಇಳಿಬಿದ್ದ ಕೆಂಪು ಹಗ್ಗವನ್ನು ಜಗ್ಗಿದರೆ ಕೈಯಲ್ಲಿ ಎತ್ತಬಹುದು, ಆದರೆ ಅದನ್ನು ಬೆಳಕಿದ್ದಾಗ, ಬಾಗಿಲು ಮುಚ್ಚಿರುವಾಗ ಒಮ್ಮೆ ಮಾಡಿ ನೋಡಿರಬೇಕು. ಊರಿನ ಗ್ಯಾಸ್ ಸ್ಟೇಷನ್ನಿನ ಪಂಪೂ ಕರೆಂಟಿನದೇ. ಮಳೆಗಾಳಿಯ ಮುನ್ಸೂಚನೆ ಇದ್ದ ದಿನ ಕಾರಿನ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಬಾರದು.

ಇವೆಲ್ಲಕ್ಕಿಂತ ನನಗೆ ಭಯ ಹುಟ್ಟಿಸುವುದು ಸಂಪ್ ಪಂಪ್. ಬೇಸ್‌ಮೆಂಟಿನ ಮೂಲೆಯಲ್ಲಿ ಮುಚ್ಚಳ ಹಾಕಿದ ಗುಂಡಿ ಇರುತ್ತದಲ್ಲ, ಅದರೊಳಗಿನದು. ನೆಲದಡಿ ಸೇರುವ ನೀರನ್ನು ಅದು ಹೊರಗೆ ದೂಡುತ್ತಿರುತ್ತದೆ. ಕರೆಂಟ್ ಹೋಗುವುದೂ ಜೋರು ಮಳೆಯಲ್ಲೇ, ಗುಂಡಿ ತುಂಬುವುದೂ ಜೋರು ಮಳೆಯಲ್ಲೇ. ಹಿಮ ಕರಗುವ ಮಾರ್ಚ್ ತಿಂಗಳಲ್ಲೂ ಇದೇ ಕಥೆ. ಬ್ಯಾಟರಿಯಿಂದ ಓಡುವ ಇನ್ನೊಂದು ಪಂಪನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಕಾರಿನ ಬ್ಯಾಟರಿ ಇದಕ್ಕೆ ಆಗಿಬರುವುದಿಲ್ಲ, ಮತ್ತೆ ಮತ್ತೆ ಚಾರ್ಜ್ ತುಂಬಾ ಇಳಿದರೂ ತಾಳುವ ಡೀಪ್ ಸೈಕಲ್ ಬ್ಯಾಟರಿ ಬೇಕು. ಊರಿನ ನಲ್ಲಿ ನೀರಿನ ಒತ್ತಡದಿಂದಲೇ ಓಡುವ ಪಂಪುಗಳೂ ಸಿಗುತ್ತವೆ. ಬಾವಿ ಇರುವವರು ಅದನ್ನು ಕೊಳ್ಳಬೇಡಿ. ಕರೆಂಟ್ ಹೋದರೆ ನಿಮಗೆ ನೀರಿನ ಒತ್ತಡ ಎಲ್ಲಿಂದ ಬರಬೇಕು?

ನಮ್ಮ ಪಕ್ಕದ ಮನೆಯಲ್ಲಿ ಬೇಸಾಯ ಬಿಟ್ಟು ಊರೊಳಗೆ ಬಂದು ನೆಲೆಸಿದ ಒಬ್ಬ ಅಜ್ಜ ಇದ್ದಾರೆ. ವಸಂತ ಬರುವ ಹೊತ್ತಿಗೆ ಬಕೆಟ್ ಹಿಡಿದು ಗುಂಡಿಗೆ ನೀರು ಸುರಿಯುತ್ತಾರೆ. ಒಳಗಿನ ತೇಲುಗುಂಡು ಮೇಲೆದ್ದು, ಪಂಪ್ ಗುರ್ ಅಂದು, ನೀರು ಹೊರಗಿನ ಪೈಪಿನಿಂದ ಹುಲ್ಲಿಗೆ ಬೀಳುವ ತನಕ ನಿಂತು ನೋಡುತ್ತಾರೆ. ಆಮೇಲೆ ಪ್ಲಗ್ ಕಿತ್ತು, ಬ್ಯಾಟರಿ ಪಂಪಿಗೂ ಅದೇ ಪರೀಕ್ಷೆ. ಐದು ನಿಮಿಷದ ಕೆಲಸ. ನಾನೂ ಈಗ ಹಾಗೇ ಮಾಡುತ್ತೇನೆ.

ಚಳಿಗಾಲದ ಲೆಕ್ಕ ಬೇರೆ. ಇಲ್ಲಿ ಹಿಮಕ್ಕಿಂತ ಕೆಟ್ಟದ್ದು ತಂತಿಯ ಮೇಲೆ ಬಿದ್ದಲ್ಲೇ ಗಡ್ಡೆಕಟ್ಟುವ ಮಳೆ. ಅರ್ಧ ಇಂಚು ಗಡ್ಡೆ ಕಟ್ಟಿದರೆ ಸಾಕು, ಎರಡು ಕಂಬಗಳ ನಡುವಿನ ತಂತಿಗೆ ನೂರಾರು ಪೌಂಡ್ ಭಾರ ಸೇರುತ್ತದೆ. ಅದರ ಮೇಲೆ ಗಾಳಿಯೂ ಎದ್ದರೆ ಕಂಬಗಳು ಸಾಲಾಗಿ ಮುರಿಯುತ್ತವೆ. ಅಂಥ ರಾತ್ರಿ ಮನೆಯವರೆಲ್ಲ ಒಂದೇ ಕೋಣೆಗೆ ಸೇರಿ. ದಕ್ಷಿಣಕ್ಕೆ ಕಿಟಕಿ ಇರುವ ಸಣ್ಣ ಕೋಣೆ ಒಳ್ಳೆಯದು, ಹಗಲಾದರೆ ಬಿಸಿಲಾದರೂ ಬರುತ್ತದೆ. ಬಾಗಿಲ ಸಂದಿಗೆ ಟವೆಲ್ ತುರುಕಿ. ಸಿಂಕಿನ ಕೆಳಗಿನ ಕಪಾಟು ತೆರೆದಿಡಿ. ಊರಿನ ನೀರು ಬರುವವರು ಹೊರಗೋಡೆಯ ಕಡೆಯ ನಲ್ಲಿಯನ್ನು ಸಣ್ಣಗೆ ಹರಿಯಲು ಬಿಡಿ, ಪೈಪ್ ಒಡೆಯುವುದು ತಪ್ಪುತ್ತದೆ. ಬಾವಿಯವರಿಗೆ ಈ ಉಪಾಯ ಇಲ್ಲ. ಮನೆ ತೀರಾ ತಣ್ಣಗಾಗುತ್ತಿದ್ದರೆ ಮುಖ್ಯ ವಾಲ್ವ್ ಮುಚ್ಚಿ, ಕೆಳಗಿನ ನಲ್ಲಿಗಳನ್ನು ತೆರೆದು ಪೈಪ್ ಖಾಲಿ ಮಾಡಬೇಕು. ಅದಕ್ಕೂ ಮುಂಚೆ, ಕರೆಂಟ್ ಇರುವಾಗಲೇ, ಬಾತ್‌ಟಬ್ ತುಂಬಿಸಿಟ್ಟಿರಿ. ಫ್ಲಶ್‌ಗೆ ಅದೇ ಗತಿ. ಕುಡಿಯಲು ತಲೆಗೆ ದಿನಕ್ಕೆ ಒಂದು ಗ್ಯಾಲನ್ ಬೇರೆ ಇರಲಿ.

ಮನೆ ಬಿಸಿ ಮಾಡಲು ಗ್ಯಾಸ್ ಒಲೆ, ಓವನ್ ಹಚ್ಚಬೇಡಿ. ಇದ್ದಿಲಿನ ಗ್ರಿಲ್ ಅನ್ನು ಗ್ಯಾರೇಜಿನೊಳಗೂ ತರಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಮೂರೂ ಮನೆಮಂದಿಗೆ ಒಟ್ಟಿಗೇ ಶುರುವಾದರೆ ಫ್ಲೂ ಅಂದುಕೊಂಡು ಕೂರಬೇಡಿ. ಎದ್ದು ಹೊರಗೆ ಹೋಗಿ, 911ಕ್ಕೆ ಫೋನ್ ಮಾಡಿ. ಬ್ಯಾಟರಿಯಿಂದ ಓಡುವ ಅಲಾರಂ ಮಲಗುವ ಕೋಣೆಯ ಹತ್ತಿರ ಇರಲೇಬೇಕು.

ಈಗ ಜನರೇಟರ್. ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆ ಕಿಟಕಿಗೆ ಬೆನ್ನು ಮಾಡಿರಬೇಕು. ಗ್ಯಾರೇಜ್ ಬಾಗಿಲು ತೆರೆದಿದ್ದರೂ ಒಳಗೆ ಇಡುವ ಹಾಗಿಲ್ಲ. ಫ್ರಿಜ್‌ಗೆ, ಸಂಪ್ ಪಂಪ್‌ಗೆ ದಪ್ಪನೆಯ ಎಕ್ಸ್‌ಟೆನ್ಷನ್ ವೈರ್ ಎಳೆದರೆ ಸಾಕು. ಫರ್ನೇಸ್ ಓಡಿಸುವುದಾದರೆ ಎಲೆಕ್ಟ್ರಿಷಿಯನ್ ಕರೆಸಿ, ಜನರೇಟರ್ ಓಡುವಾಗ ಮನೆಯನ್ನು ಬೀದಿಯ ಲೈನಿನಿಂದ ಬೇರೆ ಮಾಡುವ ಟ್ರಾನ್ಸ್‌ಫರ್ ಸ್ವಿಚ್ ಹಾಕಿಸಿ. ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿಕೊಂಡು ಡ್ರೈಯರಿನ ಸಾಕೆಟ್ಟಿಗೆ ಚುಚ್ಚುವವರು ಇದ್ದಾರೆ. ಇದು ಮಾತ್ರ ಯಾವತ್ತೂ ಬೇಡ. ನಿಮ್ಮ ಜನರೇಟರಿನ ಕರೆಂಟ್ ಹಿಂದಕ್ಕೆ ಹರಿದು, ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟ್ ಆಗಿ ಲೈನಿಗೆ ಸೇರುತ್ತದೆ. ಸತ್ತ ತಂತಿ ಅಂದುಕೊಂಡು ಕೈಹಾಕಿದ ಲೈನ್‌ಮನ್ ಕಂಬದ ಮೇಲೆಯೇ ಸಾಯಬಹುದು. ಸಣ್ಣ ಊರಲ್ಲಿ ಆ ಲೈನ್‌ಮನ್ ನಿಮ್ಮ ಮಗುವಿನ ಸಾಕರ್ ಕೋಚ್ ಕೂಡ ಆಗಿರುತ್ತಾನೆ.

ಫ್ರಿಜ್ ಬಾಗಿಲು ತೆರೆಯದಿದ್ದರೆ ಒಳಗಿನದು ಸುಮಾರು 4 ಗಂಟೆ ತಡೆಯುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24. ಜಾಗ ಖಾಲಿ ಇದ್ದರೆ ನೀರಿನ ಬಾಟಲಿ ತುಂಬಿಸಿ ಗಡ್ಡೆಕಟ್ಟಿಸಿ. ಫ್ರೀಜರಿನಲ್ಲಿ ಒಂದು ಲೋಟ ಐಸ್ ಇಟ್ಟು, ಅದರ ಮೇಲೊಂದು ಕ್ವಾರ್ಟರ್ ನಾಣ್ಯ ಇಟ್ಟಿರಿ. ನೀವು ಊರಲ್ಲಿಲ್ಲದಾಗ ಐಸ್ ಕರಗುವಷ್ಟು ಹೊತ್ತು ಕರೆಂಟ್ ಹೋಗಿ ಬಂದಿದ್ದರೆ ನಾಣ್ಯ ತಳ ಸೇರಿರುತ್ತದೆ. ಆಗ ಮಾಂಸ, ಪನೀರ್, ತೆಂಗಿನ ತುರಿ ಎಲ್ಲ ಕಸಕ್ಕೆ. ಕರೆಂಟ್ ಬಂದಾಗ ಆಹಾರದಲ್ಲಿ ಇನ್ನೂ ಐಸ್ ಹರಳು ಇದ್ದರೆ ಮತ್ತೆ ಫ್ರೀಜ್ ಮಾಡಬಹುದು. ದೋಸೆ ಹಿಟ್ಟು ಹುಳಿ ಬಂದಿದೆ ಅಂತ ಗಾಬರಿ ಬೇಡ, ಒಲೆ ಹಚ್ಚಿ ದೋಸೆ ಹುಯ್ದುಬಿಡಿ. ಗ್ಯಾಸ್ ಒಲೆಯ ಬರ್ನರನ್ನು ಅಡುಗೆಗೆ ಬೆಂಕಿಕಡ್ಡಿಯಿಂದ ಹಚ್ಚಬಹುದು.

ಸುದ್ದಿಗೆ ಫೋನನ್ನೇ ನಂಬಿ ಕೂರಬೇಡಿ. 2020ರ ಆಗಸ್ಟ್ 10ರ ಡೆರೇಚೊ, ಅಂದರೆ ನೂರಾರು ಮೈಲಿ ನೇರವಾಗಿ ನುಗ್ಗುವ ಬಿರುಗಾಳಿ, ಇಡೀ ಅಯೋವಾ ಉದ್ದಕ್ಕೂ ನುಗ್ಗಿತು. ಸೀಡರ್ ರಾಪಿಡ್ಸ್ ಸುತ್ತ ಗಾಳಿ ಗಂಟೆಗೆ 140 ಮೈಲಿ ಮುಟ್ಟಿತ್ತು ಅಂತ ಆಮೇಲೆ ಅಂದಾಜಾಯಿತು. ಆಗ ಕರೆಂಟಿನ ಜೊತೆ ಮೊಬೈಲ್ ಸಿಗ್ನಲ್ಲೂ ಹೋಗಿತ್ತು. ಕೆಲವು ಮನೆಗಳಿಗೆ ಕರೆಂಟ್ ಬರಲು ಒಂದು ವಾರದ ಮೇಲೆ ಹಿಡಿಯಿತು. ಹವಾಮಾನ ರೇಡಿಯೊ ಒಂದನ್ನು ತಗೊಂಡು, ನಿಮ್ಮ ಕೌಂಟಿಯ ಕೋಡ್ ಹಾಕಿಡಿ. ಮಧ್ಯರಾತ್ರಿಯಾದರೂ ಅದು ಕೂಗಿ ಎಬ್ಬಿಸುತ್ತದೆ. ಊರಿನ ಸೈರನ್ ಹೊರಗಿರುವವರಿಗೆ ಅಂತ ಇರುವುದು, ಹಾಸಿಗೆಯಲ್ಲಿ ಇರುವವರಿಗೆ ಕೇಳಿಸಿದರೆ ಅದೃಷ್ಟ.

ಇಂಥ ಊರುಗಳಿಗೆ ಕರೆಂಟ್ ಕೊಡುವುದು ಎಷ್ಟೋ ಕಡೆ ಗ್ರಾಹಕರದೇ ಸಹಕಾರ ಸಂಘ, ಇಲ್ಲವೇ ಊರಿನದೇ ಪುರಸಭೆ. 1930ರ ದಶಕದಲ್ಲಿ ಹಳ್ಳಿಗಳಿಗೆ ತಂತಿ ಎಳೆಯಲು ದೊಡ್ಡ ಕಂಪನಿಗಳು ಒಪ್ಪದಿದ್ದಾಗ, ಸರ್ಕಾರದ ಸಾಲ ಪಡೆದು ರೈತರೇ ಈ ಸಂಘಗಳನ್ನು ಕಟ್ಟಿಕೊಂಡರು. ಲೈನು ಉದ್ದ, ಆಳು ಕಡಿಮೆ. ನಿಮ್ಮ ಈಗಿನ ಮೊಬೈಲ್ ನಂಬರ್ ಅವರ ಬಳಿ ಇದೆಯಾ ನೋಡಿ. ಆ ನಂಬರಿನಿಂದ ಕರೆ ಮಾಡಿದರೆ ಯಾವ ಮನೆ ಅಂತ ಬಹಳ ಕಡೆ ಯಂತ್ರಕ್ಕೇ ಗೊತ್ತಾಗುತ್ತದೆ. ಪಕ್ಕದವರು ಹೇಳಿರುತ್ತಾರೆ ಅಂತ ಸುಮ್ಮನಿರಬೇಡಿ. ಮನೆಯಲ್ಲಿ ಆಕ್ಸಿಜನ್ ಯಂತ್ರ ಇದ್ದರೆ ಮೊದಲೇ ಬರೆಸಿಡಿ. ದುರಸ್ತಿ ಮೊದಲು ಸಬ್‌ಸ್ಟೇಷನ್, ಆಮೇಲೆ ದೊಡ್ಡ ಲೈನು, ಆಮೇಲೆ ಬೀದಿ, ಕೊನೆಗೆ ಒಂಟಿ ಮನೆ, ಈ ಕ್ರಮದಲ್ಲಿ ನಡೆಯುತ್ತದೆ. ಎದುರು ಮನೆಗೆ ಬಂದು ನಿಮಗೆ ಬಾರದಿದ್ದರೆ ನಿಮ್ಮದು ಬೇರೆ ಲೈನು, ಇಲ್ಲವೇ ನಿಮ್ಮ ಮನೆಯ ತಂತಿಯೇ ಕಿತ್ತಿದೆ. ಆಗ ಮತ್ತೊಮ್ಮೆ ಫೋನ್ ಮಾಡಿ.

ಗಾಳಿ ನಿಂತ ಮೇಲೆ ಮನೆಯ ಸುತ್ತ ನೋಡಿ, ಆದರೆ ಬಿದ್ದ ತಂತಿಯಿಂದ 35 ಅಡಿ ದೂರ ಇರಿ. ಮೀಟರಿನಿಂದ ಮೇಲಕ್ಕೆ ಹೋಗುವ ಪೈಪ್ ಬಾಗಿದ್ದರೆ ಅದನ್ನು ಸರಿಮಾಡಿಸುವುದು ಸಾಮಾನ್ಯವಾಗಿ ಮನೆಯವರ ಖರ್ಚು. ಅದು ಆಗದ ಹೊರತು ಕರೆಂಟ್ ಕೊಡುವವರು ತಂತಿ ಜೋಡಿಸುವುದಿಲ್ಲ. ಎಲೆಕ್ಟ್ರಿಷಿಯನ್‌ಗೆ ಆ ದಿನವೇ ಹೇಳಿಬಿಡಿ, ಮರುದಿನ ಇಡೀ ಕೌಂಟಿಯೇ ಅವರನ್ನು ಹುಡುಕುತ್ತಿರುತ್ತದೆ.

ಕಾಯುವಾಗ ಎಸಿ, ಹೀಟರ್, ಡ್ರೈಯರ್ ಎಲ್ಲ ಆಫ್ ಮಾಡಿಟ್ಟು ಒಂದು ದೀಪದ ಸ್ವಿಚ್ ಮಾತ್ರ ಹಾಕಿಡಿ. ಬೀದಿಯ ಎಲ್ಲ ಮನೆಗಳೂ ಒಟ್ಟಿಗೆ ಎಳೆದರೆ ಆಗ ತಾನೇ ಹಾಕಿದ ಫ್ಯೂಸ್ ಮತ್ತೆ ಹಾರುವುದುಂಟು. ದೀಪ ಬಂದ ಮೇಲೆ ಹತ್ತು ಹದಿನೈದು ನಿಮಿಷ ಬಿಟ್ಟು, ಮೊದಲು ಫರ್ನೇಸ್ ಹಾಕಿ. ಫ್ರಿಜ್ ಆಮೇಲೆ. ಬಟ್ಟೆ ಒಗೆಯುವುದು ನಾಳೆಗಿರಲಿ.