ಒಬ್ಬರಿಗೊಬ್ಬರು: ಮಕ್ಕಳಿಗೆ ನಾನು ಕಲಿಸುವ ಬಗೆ

ಬೆಂಗಳೂರಿನ ಆಸ್ಟಿನ್ ಟೌನಿನಲ್ಲಿ ಹತ್ತು ವರ್ಷದ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತೇನೆ. ಒಬ್ಬರ ಎದುರು ಒಬ್ಬರೇ ಆಡುವ ಅಭ್ಯಾಸಕ್ಕೆ ನಾಲ್ಕು ಕೋನ್ ಸಾಕು: 10 ಮೀಟರ್ ಅಗಲ, 15 ಮೀಟರ್ ಉದ್ದ. ಚೆಂಡಿನ ಸಮೇತ ಎದುರಿನ ಗೆರೆ ದಾಟಿದರೆ ಒಂದು ಅಂಕ.

ಮೊದಲು ತಡೆಯುವುದನ್ನೇ ಕಲಿಸುತ್ತೇನೆ. ಚೆಂಡು ಕಂಡ ಕೂಡಲೇ ಕಾಲು ಚಾಚಿ ನುಗ್ಗುವುದು ಮಕ್ಕಳ ಸ್ವಭಾವ. ಓಡಿ ಹತ್ತಿರ ಹೋಗಲಿ, ಆದರೆ ಕೊನೆಯ ಎರಡು ಮೀಟರ್‌ನಲ್ಲಿ ಹೆಜ್ಜೆ ಚಿಕ್ಕದಾಗಲಿ. ಮಂಡಿ ಬಗ್ಗಿರಬೇಕು, ಒಂದು ಕಾಲು ಮುಂದೆ, ಮೈ ಓರೆ. ಎರಡೂ ಪಾದ ಒಂದೇ ಸಾಲಿನಲ್ಲಿದ್ದರೆ ಚೆಂಡು ಕಾಲಿನ ಸಂದಿಯಲ್ಲೇ ನುಸುಳುತ್ತದೆ. ಕಣ್ಣು ಚೆಂಡಿನ ಮೇಲೆ. ಭುಜ ನೋಡಿದರೆ ಮೋಸ ಹೋಗುತ್ತಾರೆ. ಎದುರಾಳಿಯನ್ನು ಅಂಚಿಗೆ ಸರಿಸುತ್ತಾ ಹಿಂದೆ ಸರಿಯಬೇಕು. ಚೆಂಡು ಅವನ ಕಾಲಿನಿಂದ ದೂರ ಉರುಳಿದ ಕ್ಷಣವೇ ಕಸಿಯುವ ಸಮಯ.

ದಾಳಿಯ ವಿಷಯಕ್ಕೆ ಬಂದರೆ, ನೇರ ತಡೆಯುವವನ ಮುಂದಿಟ್ಟ ಕಾಲಿನ ಕಡೆ ಹೋಗಿ ಎನ್ನುತ್ತೇನೆ. ಆ ಬದಿಗೆ ತಿರುಗಲು ಅವನಿಗೆ ಹೊತ್ತು ಬೇಕು. ಭುಜ ಒಂದು ಕಡೆ ಇಳಿಸಿ, ಇನ್ನೊಂದು ಕಡೆ ಜಿಗಿಯಬೇಕು. ದಾಟಿದ ಮೇಲೆ ವೇಗ ಇಳಿಸುವುದೇ ದೊಡ್ಡ ತಪ್ಪು. ಅವನ ಓಟದ ದಾರಿಗೆ ಅಡ್ಡ ಬಂದುಬಿಟ್ಟರೆ ಮತ್ತೆ ಹಿಡಿಯಲಾರ.

ಒಂದು ಸರದಿ 20 ಸೆಕೆಂಡು, ಆಮೇಲೆ ಜೋಡಿ ಬದಲು. ಚೆಂಡು ಕಳೆದುಕೊಂಡ ಮಗುವನ್ನು ಬೈಯಬೇಡಿ. ಬೈದರೆ ಮುಂದಿನ ಸರದಿಯಲ್ಲಿ ಅದು ಪ್ರಯತ್ನಿಸುವುದನ್ನೇ ಬಿಟ್ಟುಬಿಡುತ್ತದೆ.