ಲಾರಿ ಎಂಜಿನ್ ಆಯಿಲ್ ಯಾವಾಗ ಬದಲಿಸಬೇಕು: ಲ್ಯಾಬ್ ವರದಿ ಓದಿ ನಿರ್ಧರಿಸುವ ಕ್ರಮ

ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವ ಎಂಜಿನ್ನೂ, ಕ್ವಾರಿಯಲ್ಲಿ ದಿನವಿಡೀ ಕಡಿಮೆ ಗೇರಿನಲ್ಲಿ ಹತ್ತಿಳಿಯುವ ಎಂಜಿನ್ನೂ ಒಂದೇ ಮಾಡೆಲ್ ಆಗಿರಬಹುದು. ಆದರೆ 30,000 ಕಿ.ಮೀ. ಹೊತ್ತಿಗೆ ಎರಡರ ಸಂಪಿನಲ್ಲಿರುವ (ಎಂಜಿನ್ ತಳದ ಆಯಿಲ್ ತೊಟ್ಟಿಯಲ್ಲಿರುವ) ಆಯಿಲ್ ಒಂದೇ ಆಗಿರುವುದಿಲ್ಲ. ಮೊದಲನೆಯದರಲ್ಲಿ ಇನ್ನೂ ಕಸುವಿರುವ ಆಯಿಲನ್ನು ಚೆಲ್ಲುತ್ತಿರಬಹುದು, ಎರಡನೆಯದರಲ್ಲಿ ಕೆಟ್ಟ ಆಯಿಲಿನಲ್ಲೇ ಬೇರಿಂಗ್ ಓಡಿಸುತ್ತಿರಬಹುದು. ಬಣ್ಣ ನೋಡಿ, ಬೆರಳಲ್ಲಿ ತಿಕ್ಕಿ ಇದು ಗೊತ್ತಾಗುವುದಿಲ್ಲ. ಡೀಸೆಲ್ ಎಂಜಿನ್ನಿನ ಆಯಿಲ್ ಬದಲಿಸಿದ ಸ್ವಲ್ಪ ದಿನಕ್ಕೇ ಕಪ್ಪಾಗುತ್ತದೆ. ಲ್ಯಾಬ್ ಪರೀಕ್ಷೆ ಬೇಕಾಗುವುದು ಇದಕ್ಕೇ. ಆದರೆ ಒಂದೇ ವರದಿ ಹಿಡಿದು ಕಿಲೋಮೀಟರ್ ಹೆಚ್ಚಿಸಬಾರದು. ನಿರ್ಧಾರಕ್ಕೆ ಬೇಕಾದದ್ದು ಕನಿಷ್ಠ ಮೂರು ವರದಿಗಳ ಸಾಲು, ಮತ್ತು ಆ ಸಾಲಿನಲ್ಲಿ ಯಾವ ಅಂಶ ಎಲ್ಲಕ್ಕಿಂತ ಮೊದಲು ಮಿತಿ ಮುಟ್ಟುತ್ತದೆ ಎಂಬ ಲೆಕ್ಕ.

ಸ್ಯಾಂಪಲ್ ತೆಗೆಯುವುದು

ಕೆಟ್ಟ ವರದಿಗಳಲ್ಲಿ ಬಹಳಷ್ಟು ಹುಟ್ಟುವುದು ಲ್ಯಾಬಿನಲ್ಲಲ್ಲ, ಸ್ಯಾಂಪಲ್ ತೆಗೆಯುವವರ ಕೈಯಲ್ಲಿ. ಮೊದಲು ಬಳಸುತ್ತಿರುವ ಬ್ಯಾರಲ್ಲಿನಿಂದಲೇ ಹೊಸ ಆಯಿಲಿನ ಒಂದು ಸ್ಯಾಂಪಲ್ ಕಳಿಸಿ. ಆರಂಭದ ಸ್ನಿಗ್ಧತೆ (ಆಯಿಲಿನ ಮಂದತನ), ಟಿಬಿಎನ್ (ಆಮ್ಲ ತಡೆಯುವ ಬಲದ ಅಂಕಿ), ಕ್ಯಾಲ್ಸಿಯಂ, ಸತು, ರಂಜಕ ಎಷ್ಟಿದ್ದವು ಎಂದು ತಿಳಿಯದೆ ಎಷ್ಟು ಇಳಿಯಿತು ಎಂದು ಹೇಳಲಾಗುವುದಿಲ್ಲ.

ಓಡಿದ ಆಯಿಲಿನ ಸ್ಯಾಂಪಲನ್ನು ಲಾರಿ ಬಂದು ನಿಂತ 15–20 ನಿಮಿಷದೊಳಗೆ, ಆಯಿಲ್ ಬಿಸಿಯಾಗಿರುವಾಗಲೇ ತೆಗೆಯಬೇಕು. ತಣ್ಣಗಾದರೆ ಲೋಹದ ಕಣ, ನೀರು ತಳಕ್ಕಿಳಿಯುತ್ತವೆ. ಫಿಲ್ಟರಿಗಿಂತ ಮೊದಲಿನ ಒತ್ತಡದ ದಾರಿಯಲ್ಲಿ ಸ್ಯಾಂಪಲಿಂಗ್ ವಾಲ್ವ್ ಕೂರಿಸಿದರೆ ಎಲ್ಲಕ್ಕಿಂತ ಒಳ್ಳೆಯದು: ಎಂಜಿನ್ ಐಡಲ್‌ನಲ್ಲಿರುವಾಗ ಮೊದಲ 100 ಮಿ.ಲೀ. ಹೊರಗೆ ಬಿಟ್ಟು, ಆಮೇಲೆ ಬಾಟಲಿಗೆ ಹಿಡಿಯಿರಿ. ವಾಲ್ವ್ ಇಲ್ಲದಿದ್ದರೆ ಕೈ ವ್ಯಾಕ್ಯೂಮ್ ಪಂಪ್ ಸಾಕು. ಎಂಜಿನ್ ನಿಲ್ಲಿಸಿ, ಹೊಸ ಪ್ಲಾಸ್ಟಿಕ್ ನಳಿಗೆಯನ್ನು ಡಿಪ್‌ಸ್ಟಿಕ್ ಪಕ್ಕಕ್ಕಿಟ್ಟು ಅಳೆದು, ಕಡ್ಡಿಯ ತುದಿಗಿಂತ ಮೂರ್ನಾಲ್ಕು ಸೆಂ.ಮೀ. ಮಾತ್ರ ಕೆಳಗೆ ಹೋಗುವಂತೆ ಕತ್ತರಿಸಿ. ಸಂಪಿನ ತಳ ಮುಟ್ಟಿದರೆ ವರ್ಷಗಳ ಗಸಿಯೇ ಬಾಟಲಿಗೆ ಬರುತ್ತದೆ. ಡ್ರೇನ್ ಪ್ಲಗ್ಗಿನಿಂದ ಹಿಡಿಯಲೇಬೇಕಾದರೆ ಪ್ಲಗ್ಗಿನ ಸುತ್ತ ಒರೆಸಿ, ಮೊದಲ ಒಂದೆರಡು ಲೀಟರ್ ಹರಿಯಲು ಬಿಟ್ಟು, ನಡುಧಾರೆಯಿಂದ ಹಿಡಿಯಿರಿ. ಕಳಚಿದ ಫಿಲ್ಟರಿನಲ್ಲಿ ಉಳಿದ ಆಯಿಲ್ ಸ್ಯಾಂಪಲ್ಲೇ ಅಲ್ಲ.

ಬಾಟಲಿಯನ್ನು ಮುಕ್ಕಾಲು ಭಾಗ ಮಾತ್ರ ತುಂಬಿ. ಲ್ಯಾಬಿನವರು ಕುಲುಕಲು ಜಾಗ ಬೇಕು. ಚೀಟಿಯ ಮೇಲೆ ಇವಿಷ್ಟು ಇರಲೇಬೇಕು: ಲಾರಿಯ ನಂಬರ್, ಎಂಜಿನ್ ಗಂಟೆ, ಒಟ್ಟು ಕಿ.ಮೀ., ಈ ಆಯಿಲ್ ಓಡಿದ ಕಿ.ಮೀ., ಆಯಿಲಿನ ಹೆಸರು ಮತ್ತು ಗ್ರೇಡ್, ನಡುವೆ ಟಾಪ್‌ಅಪ್ ಮಾಡಿದ ಲೀಟರ್. ಕೊನೆಯದನ್ನು ಹೆಚ್ಚಿನವರು ಬರೆಯುವುದಿಲ್ಲ, ವರದಿ ದಾರಿ ತಪ್ಪಿಸುವುದು ಅಲ್ಲೇ. 36 ಲೀಟರ್ ಸಂಪಿಗೆ ದಾರಿಯುದ್ದಕ್ಕೂ 6 ಲೀಟರ್ ಹೊಸ ಆಯಿಲ್ ಬಿದ್ದಿದ್ದರೆ ಸವೆತದಿಂದ ಬಂದ ಕಬ್ಬಿಣದ ಅಂಕಿ ನಿಜಕ್ಕಿಂತ ಸುಮಾರು ಶೇ. 8ರಷ್ಟು ಕಡಿಮೆ ಕಾಣುತ್ತದೆ, ಟಿಬಿಎನ್ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ. ಆಯಿಲ್ ಕುಡಿಯುವ ಎಂಜಿನ್ನಿಗೇ ಚೆಂದದ ವರದಿ ಬರುವುದು ಹೀಗೆ.

ಆಯಿಲಿನ ಆಯುಷ್ಯ ಹೇಳುವ ಅಂಕಿಗಳು

ಕೆಳಗಿನ ಮಿತಿಗಳು ಸಾಮಾನ್ಯ ಅಂದಾಜು. ನಿಮ್ಮ ಎಂಜಿನ್ ತಯಾರಕರು ಬೇರೆ ಮಿತಿ ಕೊಟ್ಟಿದ್ದರೆ ಅದೇ ಅಂತಿಮ.

ಸ್ನಿಗ್ಧತೆ: 15ಡಬ್ಲ್ಯೂ-40 ಆಯಿಲ್ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ ಒಳಗಿರಬೇಕು. ಏರಿದರೆ ಮಸಿ ಅಥವಾ ಆಕ್ಸಿಡೀಕರಣ (ಬಿಸಿಗೆ ಗಾಳಿಯ ಆಮ್ಲಜನಕ ಸೇರಿ ಆಯಿಲ್ ಕೆಡುವುದು). ಇಳಿದರೆ ಡೀಸೆಲ್ ಬೆರೆತಿದೆ, ಇಲ್ಲವೇ ಮಲ್ಟಿಗ್ರೇಡ್ ಆಯಿಲಿನ ಮಂದತನ ಕಾಯುವ ಪಾಲಿಮರ್ ಕತ್ತರಿಸಿಹೋಗಿದೆ. ಎರಡು ದೋಷ ಒಟ್ಟಿಗಿದ್ದರೆ ಒಂದು ಏರಿಸಿ, ಇನ್ನೊಂದು ಇಳಿಸಿ, ಅಂಕಿ ಸರಿಯಾಗೇ ಕಾಣಬಹುದು. ಆದ್ದರಿಂದ ಇದೊಂದನ್ನೇ ನಂಬಬೇಡಿ.

ಟಿಬಿಎನ್ ಅಂದರೆ ಆಮ್ಲವನ್ನು ತಡೆಯಲು ಆಯಿಲಿನಲ್ಲಿ ಉಳಿದಿರುವ ಕ್ಷಾರದ ಬಲ. ಹೊಸದರಲ್ಲಿ ಸಾಮಾನ್ಯವಾಗಿ 8–12 ಇರುತ್ತದೆ. ಅರ್ಧಕ್ಕಿಳಿದರೆ, ಅಥವಾ ಏರುತ್ತಿರುವ ಆಮ್ಲಾಂಕ (ಆಯಿಲಿನಲ್ಲಿ ಸೇರಿದ ಆಮ್ಲದ ಅಳತೆ) ಅದನ್ನು ಮುಟ್ಟಿದರೆ ಆಯಿಲ್ ಮುಗಿಯಿತು. ಒಂದು ಎಚ್ಚರ: ಟಿಬಿಎನ್ ಅಳೆಯುವ ಎರಡು ವಿಧಾನಗಳಲ್ಲಿ ಎಎಸ್‌ಟಿಎಂ ಡಿ 2896 ವಿಧಾನ ಡಿ 4739ಗಿಂತ ಹೆಚ್ಚಿನ ಅಂಕಿ ಕೊಡುತ್ತದೆ, ಅದರಲ್ಲೂ ಓಡಿದ ಆಯಿಲಿನಲ್ಲಿ. ಹೊಸ ಆಯಿಲನ್ನು ಒಂದು ವಿಧಾನದಲ್ಲಿ, ಹಳೆಯದನ್ನು ಇನ್ನೊಂದರಲ್ಲಿ ಅಳೆದು ಹೋಲಿಸಿದರೆ ಆಯಿಲ್ ಇದ್ದಕ್ಕಿದ್ದಂತೆ ಕುಸಿದ ಹಾಗೆ ತೋರುತ್ತದೆ. ಲ್ಯಾಬ್ ಬದಲಿಸುವ ಮುನ್ನ ಇದನ್ನು ಕೇಳಿ ತಿಳಿಯಿರಿ.

ಮಸಿ ಶೇ. 3 ದಾಟಿದರೆ ಹತ್ತಿರದಿಂದ ಗಮನಿಸಿ, 4–5ಕ್ಕೆ ಬಂದರೆ ಬದಲಿಸಿ. ಹೊಗೆಯ ಒಂದು ಭಾಗವನ್ನು ಮರಳಿ ಒಳಗೇ ಬಿಡುವ ಇಜಿಆರ್ ಎಂಜಿನ್ನುಗಳಲ್ಲಿ ಇದು ಬೇಗ ಏರುತ್ತದೆ, ಕಣಗಳು ಒಂದು ಮೈಕ್ರಾನಿಗಿಂತ ಚಿಕ್ಕವಾದ್ದರಿಂದ ಸಾಮಾನ್ಯ ಫಿಲ್ಟರ್ ಹಿಡಿಯುವುದಿಲ್ಲ. ಆಯಿಲಿಗೆ ಬೆರೆತ ಡೀಸೆಲ್ ಶೇ. 2 ದಾಟಿದರೆ ಇಂಜೆಕ್ಟರ್ ನೋಡಿಸಿ. ಹೆಚ್ಚು ಹೊತ್ತು ಐಡಲ್ ಬಿಡುವುದು, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಪದೇ ಪದೇ ಸ್ವಚ್ಛಗೊಳ್ಳುವುದು ಕೂಡ ಕಾರಣವಿರಬಹುದು. ಜೈವಿಕ ಡೀಸೆಲ್ ಬೆರೆತ ಇಂಧನವಾದರೆ ಆ ಭಾಗ ಬಿಸಿಗೂ ಸುಲಭವಾಗಿ ಆವಿಯಾಗದೆ ಸಂಪಿನಲ್ಲೇ ಉಳಿಯುತ್ತದೆ. ನೀರಿಗೆ ಮಿತಿ ಶೇ. 0.2.

ಎಂಜಿನ್ ಬಗ್ಗೆ ಹೇಳುವ ಅಂಕಿಗಳು

ಇಲ್ಲಿ ಬಹಳ ಜನ ಎಡವುತ್ತಾರೆ. ಸವೆತದ ಲೋಹ ಏರಿದೊಡನೆ ಆಯಿಲ್ ಬೇಗ ಬೇಗ ಬದಲಿಸಲು ತೊಡಗುತ್ತಾರೆ. ಅದರಿಂದ ಅಂಕಿ ಇಳಿಯುತ್ತದೆ, ಸವೆತ ನಿಲ್ಲುವುದಿಲ್ಲ. ಸಿಲಿಕಾನ್, ಅಲ್ಯೂಮಿನಿಯಂ ಜೊತೆಯಾಗಿ ಏರಿ, ಹಿಂದೆಯೇ ಕಬ್ಬಿಣವೂ ಏರಿದರೆ ದೂಳು ಒಳಗೆ ಹೋಗುತ್ತಿದೆ: ಏರ್ ಫಿಲ್ಟರಿನಿಂದ ಟರ್ಬೊವರೆಗಿನ ಹೋಸ್, ಕ್ಲ್ಯಾಂಪ್ ಒಂದೊಂದಾಗಿ ಪರೀಕ್ಷಿಸಿ. ಸಿಲಿಕಾನ್ ಒಂದೇ ಏರಿದ್ದರೆ ಇತ್ತೀಚೆಗೆ ಹಚ್ಚಿದ ಗ್ಯಾಸ್ಕೆಟ್ ಸೀಲಂಟ್ ಇರಬಹುದು. ಕಬ್ಬಿಣ ಲೈನರ್, ಕ್ರ್ಯಾಂಕ್, ಗೇರುಗಳದ್ದು, ಕ್ರೋಮಿಯಂ ರಿಂಗುಗಳದ್ದು, ಸೀಸ, ತವರ ಬೇರಿಂಗಿನದ್ದು. ತಾಮ್ರ ಮಾತ್ರ ಏರಿ ಸೀಸ, ತವರ ಸುಮ್ಮನಿದ್ದರೆ ಬಹುಪಾಲು ಅದು ಆಯಿಲ್ ಕೂಲರಿನಿಂದ ಕರಗಿ ಬಂದದ್ದು. ಹೊಸ ಎಂಜಿನ್ನುಗಳಲ್ಲಿ ಸಾಮಾನ್ಯ.

ಸೋಡಿಯಂ, ಪೊಟ್ಯಾಸಿಯಂ ಏರಿದರೆ ಕೂಲಂಟ್ ಸೋರಿಕೆ ಎಂದು ಶಂಕಿಸಿ, ನೀರು ಸೊನ್ನೆ ಎಂದು ಬರೆದಿದ್ದರೂ ಸರಿ. ಬಿಸಿಗೆ ನೀರು ಆವಿಯಾಗಿ ಉಪ್ಪು ಮಾತ್ರ ಉಳಿದಿರುತ್ತದೆ. ಆದರೆ ಹೊಸ ಲಾರಿಯಲ್ಲಿ ಸೋಡಿಯಂ ಇಲ್ಲದೆ ಪೊಟ್ಯಾಸಿಯಂ, ಅಲ್ಯೂಮಿನಿಯಂ ಮಾತ್ರ ಕಂಡರೆ ಇಂಟರ್‌ಕೂಲರ್ ಬೆಸುಗೆಯ ಫ್ಲಕ್ಸ್ ತೊಳೆದು ಬರುತ್ತಿರಬಹುದು. ಅದು ಪ್ರತಿ ಬದಲಾವಣೆಗೂ ಕಡಿಮೆಯಾಗುತ್ತ ಹೋಗುತ್ತದೆ.

ಇನ್ನೊಂದು ಮಾತು: ಲ್ಯಾಬಿನ ಸ್ಪೆಕ್ಟ್ರೋಮೀಟರ್ ಸುಮಾರು 5–8 ಮೈಕ್ರಾನಿಗಿಂತ ದೊಡ್ಡ ಕಣಗಳನ್ನು ಸರಿಯಾಗಿ ಕಾಣುವುದಿಲ್ಲ. ಬೇರಿಂಗ್ ಚಕ್ಕೆಯೇಳುತ್ತಿದ್ದರೂ ಅಂಕಿ ಶಾಂತವಾಗಿರಬಹುದು. ಹಳೆಯ ಫಿಲ್ಟರನ್ನು ಕಟ್ಟರಿನಿಂದ ಕತ್ತರಿಸಿ, ಕಾಗದವನ್ನು ಬಿಡಿಸಿ, ಹೊಳೆಯುವ ಚೂರುಗಳಿವೆಯೇ ಎಂದು ಪ್ರತಿ ಸಲವೂ ನೋಡಿ. ಗರಗಸ ಬೇಡ, ಅದರ ಪುಡಿಯೇ ಒಳಗೆ ಬೀಳುತ್ತದೆ.

ಅಂತರ ನಿರ್ಧರಿಸುವ ಲೆಕ್ಕ

ಎರಡು ಆಯಿಲ್ ಬದಲಾವಣೆಗಳ ನಡುವಿನ ಈಗಿನ ಅಂತರ 30,000 ಕಿ.ಮೀ. ಎಂದುಕೊಳ್ಳಿ. ಹೊಸ ಆಯಿಲಿನ ಟಿಬಿಎನ್ 10.4, ಕೊನೆಯಲ್ಲಿ 7.1, ಮಸಿ ಶೇ. 1.8, ಕಬ್ಬಿಣ 42 ಪಿಪಿಎಂ (ಹತ್ತು ಲಕ್ಷದಲ್ಲಿ 42 ಭಾಗ). ಟಿಬಿಎನ್ ಪ್ರತಿ 10,000 ಕಿ.ಮೀ.ಗೆ 1.1 ಇಳಿಯುತ್ತಿದೆ, ಅರ್ಧ, ಅಂದರೆ 5.2 ಮುಟ್ಟುವುದು ಸುಮಾರು 47,000ಕ್ಕೆ. ಮಸಿ ಶೇ. 3 ಆಗುವುದು 50,000ಕ್ಕೆ. ಕಬ್ಬಿಣದ ಮಿತಿ 100 ಎಂದಿಟ್ಟರೆ 71,000ಕ್ಕೆ. ಮೊದಲು ಸೋಲುವುದು ಟಿಬಿಎನ್, ಆದ್ದರಿಂದ ಅಳತೆಗೋಲು ಅದೇ. 47,000ದ ಶೇ. 80, ಸುಮಾರು 37,500 ಕಿ.ಮೀ. ದಾಟುವ ಯೋಚನೆ ಸದ್ಯಕ್ಕೆ ಬೇಡ.

ಆ ಗುರಿಗೂ ಒಮ್ಮೆಗೇ ಜಿಗಿಯಬೇಡಿ. ಮೊದಲು 35,000ಕ್ಕೆ ಏರಿಸಿ. ಮಧ್ಯದಲ್ಲೊಂದು, ಕೊನೆಯಲ್ಲೊಂದು ಸ್ಯಾಂಪಲ್ ತೆಗೆಯಿರಿ. ಸತತ ಮೂರು ಬದಲಾವಣೆ ಸರಿ ಬಂದರೆ ಮುಂದಿನ ಹೆಜ್ಜೆ. ಕಾರಣ, ಈ ಅಂಶಗಳು ನೇರ ಗೆರೆಯಲ್ಲಿ ಸಾಗುವುದಿಲ್ಲ. ಟಿಬಿಎನ್ ಮೊದಲು ಬೇಗ ಇಳಿದು ಆಮೇಲೆ ನಿಧಾನಿಸುತ್ತದೆ. ಆಕ್ಸಿಡೀಕರಣ ತದ್ವಿರುದ್ಧ: ತಡೆಯುವ ಸೇರ್ಪಡೆಗಳು ಮುಗಿಯುವವರೆಗೆ ತಣ್ಣಗಿದ್ದು, ಆಮೇಲೆ ಒಮ್ಮೆಗೇ ಏರುತ್ತದೆ. ಗಂಧಕ ಕಡಿಮೆ ಇರುವ ಇಂಧನದಲ್ಲಿ ಟಿಬಿಎನ್ ಚೆನ್ನಾಗಿಯೇ ಉಳಿದಿದ್ದು ಆಕ್ಸಿಡೀಕರಣವೇ ಮೊದಲು ಮಿತಿ ಮುಟ್ಟುವುದುಂಟು.

ಕಬ್ಬಿಣವನ್ನು ಒಟ್ಟು ಅಂಕಿಯಾಗಿ ಅಲ್ಲ, ಪ್ರತಿ 1,000 ಕಿ.ಮೀ.ಗೆ ಎಷ್ಟು ಎಂದು ಭಾಗಿಸಿ ನೋಡಿ. ಮೇಲಿನ ಉದಾಹರಣೆಯಲ್ಲಿ 1.4. ಅಂತರ ಏರಿಸಿದ ಮೇಲೂ 1.4ರ ಆಸುಪಾಸಿನಲ್ಲೇ ಇದ್ದರೆ ಆಯಿಲ್ ಎಂಜಿನ್ನನ್ನು ಕಾಯುತ್ತಿದೆ. 2ಕ್ಕೇರಿದರೆ ಒಟ್ಟು ಅಂಕಿ ಮಿತಿಯೊಳಗಿದ್ದರೂ ಹಿಂದಿನ ಅಂತರಕ್ಕೆ ಮರಳಿ. ಹೆಚ್ಚು ಹೊತ್ತು ನಿಂತಲ್ಲೇ ಎಂಜಿನ್ ಓಡಿಸುವ ಟಿಪ್ಪರ್, ಮಿಕ್ಸರುಗಳಿಗೆ ಕಿಲೋಮೀಟರ್ ಲೆಕ್ಕ ಬಿಟ್ಟು ಎಂಜಿನ್ ಗಂಟೆ ಹಿಡಿಯಿರಿ.

ಹಲವು ಲಾರಿಗಳಿದ್ದರೆ ಒಂದೇ ಎಂಜಿನ್, ಒಂದೇ ಬಗೆಯ ಕೆಲಸದವನ್ನು ಒಂದು ಗುಂಪು ಮಾಡಿ. ಗುಂಪಿನ ಅಂತರವನ್ನು ಸರಾಸರಿಯಿಂದಲ್ಲ, ದೋಷವಿಲ್ಲದ ಲಾರಿಗಳಲ್ಲಿ ಅತಿ ಕೆಟ್ಟ ವರದಿಯಿಂದ ನಿರ್ಧರಿಸಿ. ಹೊಸ ಎಂಜಿನ್ನಿನ ಮೊದಲ ಒಂದೆರಡು ಬದಲಾವಣೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ವಾರಂಟಿ ಇರುವವರೆಗೆ ತಯಾರಕರ ಲಿಖಿತ ಒಪ್ಪಿಗೆ ಇಲ್ಲದೆ ಅಂತರ ಹೆಚ್ಚಿಸಬೇಡಿ. ಫಿಲ್ಟರ್ ಕೂಡ ಅಷ್ಟು ದೂರ ತಾಳಬೇಕು. ತಾಳದಿದ್ದರೆ ಅದು ಬೈಪಾಸ್ ಆಗಿ ಸೋಸದ ಆಯಿಲೇ ಬೇರಿಂಗಿಗೆ ಹೋಗುತ್ತದೆ. ಬೇಕಾದರೆ ನಡುವೆ ಫಿಲ್ಟರ್ ಮಾತ್ರ ಬದಲಿಸಿ, ಆಗ ಹಾಕಿದ ಆಯಿಲನ್ನೂ ಟಾಪ್‌ಅಪ್ ಲೆಕ್ಕಕ್ಕೆ ಬರೆಯಿರಿ.

ಹೊಸ ಅಂತರ ಗಟ್ಟಿಯಾದ ಮೇಲೂ ಪ್ರತಿ ಬದಲಾವಣೆಗೆ ಒಂದು ಸ್ಯಾಂಪಲ್ ಹೋಗಲಿ. ಆಯಿಲಿನ ಬ್ರ್ಯಾಂಡ್, ಇಂಧನ, ಮಾರ್ಗ ಅಥವಾ ಹೊರೆ ಬದಲಾದರೆ, ಇಲ್ಲವೇ ಎಂಜಿನ್ ಬಿಚ್ಚಿ ಕಟ್ಟಿದರೆ, ಹಳೆಯ ಸಾಲನ್ನು ಬದಿಗಿಟ್ಟು ಮೂಲ ಅಂತರದಿಂದ ಮೂರು ವರದಿಗಳನ್ನು ಹೊಸದಾಗಿ ಶುರುಮಾಡಿ.