ಪ್ರಾಣಿಗಳ ಹೈಸ್ಕೂಲು ವೆಬ್‌ಕಾಮಿಕ್‌ಗೆ ವಿಮರ್ಶೆ ಬರೆಯೋದು ಹೇಗೆ? ಮೊದಲು ಬಾಲ ನೋಡಿ

ಮೊದಲು ನನ್ನ ಮರ್ಯಾದೆ ಹೋದ ಕಥೆ ಹೇಳಿಬಿಡುತ್ತೇನೆ. ಮೂಡಿಗೆರೆ ಕಡೆ ನೆಂಟರ ತೋಟದ ಮನೆ, ಜುಲೈ ತಿಂಗಳ ಮಳೆ, ಒಂದು ಕಡ್ಡಿ ಸಿಗ್ನಲ್ ಬಂದು ಹೋಗುವ ಫೋನು. ಅದರಲ್ಲೇ ಒಂದು ವೆಬ್‌ಕಾಮಿಕ್, ಅಂದರೆ ನೆಟ್‌ನಲ್ಲಿ ಕಂತು ಕಂತಾಗಿ ಬರುವ ಚಿತ್ರಕಥೆ, ಓದುತ್ತಾ ಕೂತಿದ್ದೆ. ಹೈಸ್ಕೂಲು ಮಕ್ಕಳ ಕಥೆ, ಪಾತ್ರಗಳೆಲ್ಲ ಪ್ರಾಣಿಗಳು. ಒಂದು ಕಂತಿನಲ್ಲಿ ನರಿ ಹುಡುಗಿ ಗೆಳತಿಯ ಜೊತೆ ಜಗಳ ಆಡಿ ಕ್ಲಾಸಿಂದ ಹೊರಗೆ ಓಡುತ್ತಾಳೆ. ಆಮೇಲೆ ಬರೀ ಬಿಳಿ ಜಾಗ. ಬೆರಳಲ್ಲಿ ಎಷ್ಟು ತಳ್ಳಿದರೂ ಬಿಳಿ. ನಾನು ಬರೆದೇ ಬಿಟ್ಟೆ, ಮೌನವನ್ನು ಇಷ್ಟು ಚೆನ್ನಾಗಿ ಬಳಸಿದವರನ್ನು ನಾನು ನೋಡಿಲ್ಲ ಅಂತ. ಸಂಜೆ ಹಾಸನದಿಂದ ಗೆಳೆಯ ಫೋನ್ ಮಾಡಿದ. 'ಲೋ, ಅಲ್ಲಿ ನಾಲ್ಕು ಚಿತ್ರ ಇದಾವಲ್ಲೋ, ನಿಂಗೆ ಲೋಡ್ ಆಗ್ಲಿಲ್ವಾ?'

ಹಾಗಾಗಿ ಮೊದಲ ಕೆಲಸ ಇದು: ಇಡೀ ಕಂತು ಲೋಡ್ ಆಗಿದೆಯಾ ಅಂತ ನೋಡಿ. ಒಂದು ಸಲ ಸರ್ರನೆ ಕೆಳಗಿನವರೆಗೆ ಹೋಗಿ, ಮೇಲೆ ಬಂದು, ಆಮೇಲೆ ಓದಲು ಶುರು ಮಾಡಿ.

ನಗಬೇಡಿ, ನಾನು ಎಡವಿದ್ದಕ್ಕೂ ಒಂದು ಕಾರಣ ಇದೆ. ಫೋನಿನಲ್ಲಿ ಮೇಲಿಂದ ಕೆಳಗೆ ಓದುವ ಉದ್ದನೆಯ ಕಾಮಿಕ್‌ಗಳಲ್ಲಿ ಎರಡು ಚಿತ್ರದ ನಡುವಿನ ಖಾಲಿ ಜಾಗಕ್ಕೆ ನಿಜವಾಗಿಯೂ ಅರ್ಥ ಇರುತ್ತದೆ. ದಕ್ಷಿಣ ಕೊರಿಯಾದಲ್ಲಿ ಬೆಳೆದ ಪದ್ಧತಿ ಇದು. ಅಲ್ಲಿನ ನೇವರ್ ಕಂಪನಿ 2004ರಲ್ಲಿ ವೆಬ್‌ಟೂನ್ ಅನ್ನೋ ಕಾಮಿಕ್ ತಾಣ ಶುರು ಮಾಡಿತು, ಹತ್ತು ವರ್ಷ ಬಿಟ್ಟು ಅದರ ಇಂಗ್ಲಿಷ್ ಆವೃತ್ತಿ ಬಂತು. ಇದರಲ್ಲಿ ಪುಟ ತಿರುಗಿಸುವುದು ಅನ್ನೋದೇ ಇಲ್ಲ. ಚಿತ್ರಗಳ ನಡುವೆ ಜಾಗ ಜಾಸ್ತಿ ಬಿಟ್ಟರೆ ಸಮಯ ನಿಧಾನ ಆಗುತ್ತದೆ, ಒತ್ತಿ ಒತ್ತಿ ಇಟ್ಟರೆ ಓಟ ಹೆಚ್ಚುತ್ತದೆ. ಹಾಗಂತ ಎಲ್ಲ ವೆಬ್‌ಕಾಮಿಕ್‌ಗಳೂ ಹೀಗೇ ಇರೋದಿಲ್ಲ. ಕೆಲವು ಪುಸ್ತಕದ ಪುಟದ ಥರ ಇರುತ್ತವೆ, ಕೆಲವು ಪೇಪರಿನಲ್ಲಿ ಬರುವ ಮೂರು-ನಾಲ್ಕು ಚೌಕದ ಪಟ್ಟಿಯ ಥರ. ನೀವು ಓದುತ್ತಿರೋದು ಯಾವ ಥರದ್ದು ಅಂತ ಮೊದಲೇ ಹೇಳಿಬಿಡಿ. ಪಟ್ಟಿ ಕಾಮಿಕ್‌ಗೆ 'ಕಥೆ ನಿಧಾನ' ಅಂತ ಬೈಯೋದು, ಚುಟುಕ ಓದಿ ಕಾದಂಬರಿ ಥರ ಇಲ್ಲ ಅಂದ ಹಾಗೆ.

ಎಷ್ಟು ಓದಬೇಕು? ಇನ್ನೂರು ಕಂತು ಇದ್ದರೆ ಎಲ್ಲ ಓದಿಯೇ ಬರೀಬೇಕು ಅಂತೇನಿಲ್ಲ. ಮೊದಲ ಹತ್ತು, ನಡುವೆ ಎಲ್ಲಾದರೂ ಐದು, ಇತ್ತೀಚಿನ ಮೂರು, ಇಷ್ಟಂತೂ ಬೇಕು. ಬರೆಯುವವರು ವರ್ಷಗಟ್ಟಲೆ ಬರೆದಿರುತ್ತಾರೆ, ಕೈ ಪಳಗಿರುತ್ತದೆ. ಮೊದಲ ಕಂತಿನ ಮೊಲದ ಕಿವಿ ಬಾಳೆಕಾಯಿ ಥರ ಇದೆ ಅಂತ ಇಡೀ ಕಾಮಿಕ್‌ಗೆ ಮಂಗಳಾರತಿ ಮಾಡಬೇಡಿ. ಎಷ್ಟನೇ ಕಂತಿನವರೆಗೆ ಓದಿದ್ದೀರಿ ಅನ್ನೋದನ್ನ ವಿಮರ್ಶೆಯಲ್ಲೇ ಬರೆಯಿರಿ.

ಈಗ ಮುಖ್ಯ ವಿಷಯ. ಈ ಥರದ ಕಾಮಿಕ್‌ಗೆ ನಾನು ಕೇಳೋ ಪ್ರಶ್ನೆ ಒಂದೇ: ಇವರು ಯಾಕೆ ಪ್ರಾಣಿಗಳು? ಪಾತ್ರದ ತಲೆಯನ್ನು ಹೆಬ್ಬೆರಳಿಂದ ಮುಚ್ಚಿ. ಅಲ್ಲಿ ಒಂದು ಮಾಮೂಲಿ ಹುಡುಗನ ತಲೆ ಇದೆ ಅಂದುಕೊಂಡು ದೃಶ್ಯ ಓದಿ. ಏನೂ ಕಳೆದುಹೋಗಲಿಲ್ಲ ಅಂದರೆ ಆ ಪ್ರಾಣಿ ಬರೀ ವೇಷ. ಏನೋ ಕಳೆದುಹೋಯಿತು ಅನ್ನಿಸಿದರೆ, ಆ 'ಏನೋ' ಏನು ಅಂತ ಹುಡುಕಿ ಬರೆಯೋದೇ ನಿಮ್ಮ ವಿಮರ್ಶೆ.

ಉದಾಹರಣೆಗೆ ಸುಮ್ನೆ ಒಂದು ಕಾಮಿಕ್ ಕಟ್ಟೋಣ. ಚಿಕ್ಕಮಗಳೂರಿನ ಒಂದು ಪಿಯು ಕಾಲೇಜು. ಫಸ್ಟ್ ಪಿಯುಗೆ ಹೊಸದಾಗಿ ಸೇರಿದ ಹುಡುಗ ಒಬ್ಬ ಮುಳ್ಳುಹಂದಿ. ದಿನಾ ಬೆಳಿಗ್ಗೆ ಸರ್ಕಾರಿ ಬಸ್ಸಲ್ಲಿ ಬರುತ್ತಾನೆ. ಬಸ್ಸು ತುಂಬಿ ತುಳುಕುತ್ತಿದೆ, ಫುಟ್‌ಬೋರ್ಡಲ್ಲೂ ಜನ, ಆದರೂ ಅವನ ಪಕ್ಕದ ಸೀಟು ಖಾಲಿ. ಯಾರೂ ಏನೂ ಅನ್ನೋದಿಲ್ಲ. ಕಂಡಕ್ಟರ್ ಕೂಡ ಪಾಸ್ ನೋಡಲು ಕೈ ಉದ್ದ ಮಾಡುತ್ತಾನೆ, ಹತ್ತಿರ ಬರೋದಿಲ್ಲ. ಹುಡುಗ ರೆಕಾರ್ಡ್ ಬುಕ್ಕನ್ನು ಎದೆಗೆ ಅವಚಿಕೊಂಡು ಆದಷ್ಟು ಕಿಟಕಿಗೆ ಒತ್ತಿ ಕೂತಿದ್ದಾನೆ, ಬೆನ್ನಿನ ಮುಳ್ಳುಗಳನ್ನೆಲ್ಲ ಮಲಗಿಸಿಕೊಂಡು. ಬ್ರೇಕ್ ಹಾಕಿದಾಗ ಬೆಚ್ಚಿಬೀಳುತ್ತಾನೆ, ಮುಳ್ಳು ಎದ್ದು ನಿಲ್ಲುತ್ತವೆ, ಒರಗಿದ ಸೀಟಿನ ರೆಕ್ಸಿನ್ನಿಗೆ ಮೂರು ತೂತು.

ಈಗ ತಲೆ ಮುಚ್ಚಿ, ಮುಳ್ಳನ್ನೂ ಅಳಿಸಿ. ಏನು ಉಳಿಯಿತು? ನಾಚಿಕೆ ಸ್ವಭಾವದ ಒಬ್ಬ ಹುಡುಗ, ಪಕ್ಕದಲ್ಲಿ ಯಾಕೋ ಯಾರೂ ಕೂತಿಲ್ಲ. ಅಷ್ಟೇ. ಮುಳ್ಳು ಇದ್ದಾಗ ಹದಿನಾರರ ವಯಸ್ಸಿನ ಒಂದು ಸಂಕಟ ಕಣ್ಣಿಗೆ ಕಾಣುತ್ತಿತ್ತು. ನನ್ನ ಮೈಯೇ ನನ್ನ ಮಾತು ಕೇಳ್ತಿಲ್ಲ, ಹೆದರಿದ್ದು ನಾನು, ಗಾಯ ಆಗೋದು ಬೇರೆಯವರಿಗೆ. ಮೊಡವೆ, ಒಡೆದ ದನಿ, ಇದ್ದಕ್ಕಿದ್ದಂತೆ ಉದ್ದ ಆದ ಕಾಲು, ಎಲ್ಲ ಆ ಮುಳ್ಳಲ್ಲಿದೆ. ಇಲ್ಲಿ ಪ್ರಾಣಿ ದುಡಿಯುತ್ತಿದೆ. ಅದೇ ಕಾಮಿಕ್‌ನಲ್ಲಿ ಲೆಕ್ಚರರ್ ಒಬ್ಬರು ಗೂಬೆ ಅಂತಿಟ್ಟುಕೊಳ್ಳಿ. ಕನ್ನಡಕ ಹಾಕಿದ್ದಾರೆ, ಬುದ್ಧಿವಂತರು, ಅಷ್ಟು ಬಿಟ್ಟರೆ ಗೂಬೆತನ ಎಲ್ಲೂ ಇಲ್ಲ. ಅದು ಬರೀ ಇಂಗ್ಲಿಷ್ ಮಕ್ಕಳ ಪುಸ್ತಕದಿಂದ ತಂದ ಗೂಬೆ. ನಮ್ಮಲ್ಲಿ ಗೂಬೆ ಅಂದರೆ ಬುದ್ಧಿವಂತ ಅಂತ ಯಾರಾದರೂ ಅಂದುಕೊಳ್ಳುತ್ತಾರಾ? ಬೈಗುಳ ಅದು.

ಪಂಚತಂತ್ರ ನಮಗೆ ಹೊಸದಲ್ಲ, ದುರ್ಗಸಿಂಹ ಅದನ್ನು ಕನ್ನಡಕ್ಕೆ ತಂದು ಸಾವಿರ ವರ್ಷ ಆಗುತ್ತಾ ಬಂತು. ಅಲ್ಲಿ ಪ್ರಾಣಿಗೆ ಒಂದು ಗುಣ ಅಂಟಿಸಿದರೆ ಮುಗಿಯಿತು, ನರಿ ಕುತಂತ್ರಿಯೇ, ಕೊನೆಯವರೆಗೂ. ನೀತಿಕಥೆಗೆ ಅದು ಸಾಕು. ಹೈಸ್ಕೂಲು ಕಥೆಗೆ ಸಾಲದು, ಯಾಕೆಂದರೆ ಆ ವಯಸ್ಸಿನವರು ಸೋಮವಾರ ಇದ್ದ ಹಾಗೆ ಶುಕ್ರವಾರ ಇರೋದಿಲ್ಲ. ನರಿ ಹುಡುಗಿ ಇಪ್ಪತ್ತನೇ ಕಂತಿನಲ್ಲೂ ಬರೀ ಚಾಲಾಕಿಯಾಗಿಯೇ ಇದ್ದರೆ ಅದನ್ನು ಕೊರತೆ ಅಂತಲೇ ಬರೆಯಿರಿ. ಎಲ್ಲರೂ ತನ್ನನ್ನು ಮೋಸಗಾತಿ ಅಂತಲೇ ನೋಡುತ್ತಾರೆ ಅಂತ ಅವಳಿಗೇ ಗೊತ್ತಿದ್ದು, ಪರೀಕ್ಷೆಯಲ್ಲಿ ನಿಜವಾಗಿ ಓದಿ ಮಾರ್ಕ್ಸ್ ತೆಗೆದಾಗಲೂ ಒದ್ದಾಡಿದರೆ, ಆಗ ಅವಳು ಪಾತ್ರ.

ಮುಂದಿನದು ಆ ಲೋಕದ ಕಾನೂನು. ನೇರ ಕ್ಯಾಂಟೀನಿಗೆ ಹೋಗಿ. ಹುಲಿ ಏನು ತಿನ್ನುತ್ತದೆ? ಪುಣ್ಯಕೋಟಿ ಹಾಡಿಕೊಂಡು ಬೆಳೆದವರಿಗೆ ಹುಲಿಯೂ ಹಸುವೂ ಒಂದೇ ಬೆಂಚಲ್ಲಿ ಕೂತಿದ್ದು ಕಂಡರೆ ಈ ಪ್ರಶ್ನೆ ಬಂದೇ ಬರುತ್ತದೆ. ಕೆಲವು ಕಾಮಿಕ್‌ಗಳು ಇಡೀ ಕಥೆಯನ್ನೇ ಇದರ ಮೇಲೆ ಕಟ್ಟುತ್ತವೆ, ಕೆಲವು ಎಲ್ಲರಿಗೂ ಪಿಜ್ಜಾ ಕೊಟ್ಟು ಕೈ ತೊಳೆದುಕೊಳ್ಳುತ್ತವೆ. ಎರಡೂ ಸರಿ, ನಗಿಸುವ ಕಾಮಿಕ್‌ಗೆ ಪಿಜ್ಜಾ ಸಾಕು. ಒಂದು ಕಂತಿನಲ್ಲಿ ಒಂದು ಕಾನೂನು, ಇನ್ನೊಂದರಲ್ಲಿ ಇನ್ನೊಂದು ಆದರೆ ಮಾತ್ರ ಹಿಡಿಯಿರಿ. ಆಮೇಲೆ ಗಾತ್ರ. ಆನೆಗೂ ಇಲಿಗೂ ಒಂದೇ ಬಾಗಿಲಾ? ಯೂನಿಫಾರ್ಮಲ್ಲಿ ಬಾಲಕ್ಕೆ ಜಾಗ ಇದೆಯಾ? ಇಂಥ ಸಣ್ಣ ವಿಷಯಕ್ಕೆ ತಲೆ ಕೆಡಿಸಿಕೊಂಡ ಕಲಾವಿದರು ದೊಡ್ಡ ವಿಷಯಕ್ಕೂ ಕೆಡಿಸಿಕೊಂಡಿರುತ್ತಾರೆ, ಇದು ನನ್ನ ಅನುಭವ.

ಆನೆ ಅಂದೆನಲ್ಲ, ಒಂದು ಮಾತು. ಸಕಲೇಶಪುರ, ಆಲೂರು ಕಡೆಯವರಿಗೆ ಆನೆ ಅಂದರೆ ದಪ್ಪಗೆ ಮುದ್ದಾಗಿರೋ ಗೆಳೆಯ ಅಲ್ಲ. ತೋಟಕ್ಕೆ ಹೋಗೋ ಮುಂಚೆ ವಿಚಾರಿಸಿಕೊಂಡು ಹೋಗಬೇಕಾದ ವಿಷಯ. ಎಂಟು ಸಲ ದಸರಾ ಅಂಬಾರಿ ಹೊತ್ತ ಆನೆ ಅರ್ಜುನ 2023ರ ಡಿಸೆಂಬರಿನಲ್ಲಿ ಯಸಳೂರು ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಾಗ ಇಲ್ಲಿ ಅತ್ತವರಿದ್ದಾರೆ, ಅದೇ ಜನ ಕಾಡಾನೆಯಿಂದ ಬೆಳೆ ಕಳೆದುಕೊಂಡವರೂ ಹೌದು. ಹಾಗಾಗಿ ಎಲ್ಲೋ ಅಮೆರಿಕದಲ್ಲಿ ಕೂತು ಬರೆದವರ ಆನೆ ಹುಡುಗ ನಮಗೆ ಬೇರೆ ಥರ ಕಾಣಬಹುದು. ಅದನ್ನು ಬರೆಯಿರಿ, ಚೆನ್ನಾಗಿರುತ್ತದೆ. ನಮ್ಮ ಊರಿನ ಕಷ್ಟ ಅವರಿಗೆ ಗೊತ್ತಿಲ್ಲ ಅಂತ ಮಾರ್ಕ್ಸ್ ಮಾತ್ರ ಕಳೀಬೇಡಿ.

ಶಾಲೆಯ ವಿಷಯದಲ್ಲೂ ಎಡವುವವರು ಜಾಸ್ತಿ. ನಮ್ಮಲ್ಲಿ ಹೈಸ್ಕೂಲು ಅಂದರೆ ಎಂಟರಿಂದ ಹತ್ತು. ಅಮೆರಿಕದಲ್ಲಿ ಒಂಬತ್ತರಿಂದ ಹನ್ನೆರಡು, ಹೆಚ್ಚು ಕಡಿಮೆ ಹದಿನಾಲ್ಕರಿಂದ ಹದಿನೆಂಟು ವರ್ಷದವರು. ಅಂದರೆ ನಮ್ಮ ಪಿಯುಸಿಯೂ ಅದರೊಳಗೇ ಬಂತು. ಜಪಾನಿನಲ್ಲಿ ಹೈಸ್ಕೂಲು ಮೂರು ವರ್ಷ, ತರಗತಿ ಶುರುವಾಗೋದು ಏಪ್ರಿಲ್‌ನಲ್ಲಿ. 'ಹೈಸ್ಕೂಲು ಹುಡುಗ ಕಾರು ಓಡಿಸ್ತಾನೆ, ನಂಬೋಕಾಗಲ್ಲ' ಅಂತ ಬರೆಯುವ ಮೊದಲು ಕಥೆ ಯಾವ ದೇಶದ್ದು ನೋಡಿ. ಅಮೆರಿಕದ ಬಹಳ ಕಡೆ ಹದಿನಾರಕ್ಕೇ ಲೈಸೆನ್ಸ್ ಸಿಗುತ್ತದೆ.

ಚಿತ್ರದ ಬಗ್ಗೆ ಬರೆಯಲು ಚಿತ್ರ ಬಿಡಿಸಲು ಬರಬೇಕಾಗಿಲ್ಲ. ಬಾಲ, ಕಿವಿ ನೋಡಿ ಸಾಕು. ಮನುಷ್ಯರ ಮುಖಕ್ಕೆ ಇಲ್ಲದ ಅನುಕೂಲ ಇದು. ಬಾಯಿ 'ಪರ್ವಾಗಿಲ್ಲ ಬಿಡೇ' ಅನ್ನುತ್ತಿರುತ್ತದೆ, ಕಿವಿ ಹಿಂದಕ್ಕೆ ಮಡಚಿಕೊಂಡಿರುತ್ತದೆ. ಮಾತು ಒಂದು, ಬಾಲ ಇನ್ನೊಂದು. ಇದನ್ನು ಬಳಸಿಕೊಂಡಿದ್ದಾರಾ ಇಲ್ಲವಾ ಅಂತ ಒಂದು ಚೌಕ ಹಿಡಿದು ತೋರಿಸಿ. ಇನ್ನೊಂದು, ಹಿಂದೆ ನಿಂತ ಗುಂಪನ್ನು ನೋಡಿ. ಹಳೇಬೀಡಿನ ಗುಡಿಯ ಕೆಳಗಿನ ಪಟ್ಟಿಯಲ್ಲಿ ಸಾವಿರಕ್ಕೂ ಹೆಚ್ಚು ಆನೆ ಇವೆ, ಒಂದರ ಥರ ಇನ್ನೊಂದಿಲ್ಲ ಅಂತ ಗೈಡುಗಳು ಹೇಳುತ್ತಾರೆ. ನಂಬದಿದ್ದರೆ ಗುಡಿ ಸುತ್ತು ಹಾಕುತ್ತಾ ಸೊಂಡಿಲು ನೋಡಿಕೊಂಡು ಹೋಗಿ. ಕಾಮಿಕ್‌ನಲ್ಲಿ ಪ್ರೇಯರ್‌ಗೆ ನಿಂತ ಇಡೀ ಶಾಲೆ ಒಂದೇ ಬೆಕ್ಕನ್ನು ಕಾಪಿ ಮಾಡಿ ಅಂಟಿಸಿದ ಹಾಗಿದ್ದರೆ ಕಣ್ಣಿಗೆ ಬಡಿಯುತ್ತದೆ.

ಆದರೆ ಬಡಿದದ್ದನ್ನು ಹೇಗೆ ಬರೀತೀರಿ ಅನ್ನೋದು ಮುಖ್ಯ. ನಾನು ಒಮ್ಮೆ 'ಹಿನ್ನೆಲೆ ಬಿಡಿಸಲು ಸೋಮಾರಿತನ' ಅಂತ ಬರೆದಿದ್ದೆ. ಆಮೇಲೆ ಕಂತಿನ ಕೊನೆಯ ಟಿಪ್ಪಣಿ ಓದಿದೆ. ಬರೆಯೋದು, ಬಿಡಿಸೋದು, ಬಣ್ಣ, ಅಕ್ಷರ ಎಲ್ಲ ಒಬ್ಬರೇ, ಅದೂ ಕಾಲೇಜು ಮುಗಿಸಿ ಬಂದು ರಾತ್ರಿ. 'ಹಿನ್ನೆಲೆ ಖಾಲಿ ಇದೆ' ಅನ್ನೋದು ಕಣ್ಣಿಗೆ ಕಂಡದ್ದು. 'ಸೋಮಾರಿ' ಅನ್ನೋದು ನನ್ನ ಊಹೆ. ಕಂಡದ್ದನ್ನಷ್ಟೇ ಬರೆಯಿರಿ.

ವಾಕ್ಯ ಬರೆಯುವಾಗಲೂ ಅಷ್ಟೇ. 'ಪಾತ್ರಗಳು ತುಂಬಾ ಚೆನ್ನಾಗಿವೆ, ಮನಮುಟ್ಟುವ ಕಥೆ' ಅಂದರೆ ಓದುವವರಿಗೆ ಏನೂ ಸಿಗಲಿಲ್ಲ. ನಮ್ಮ ಮುಳ್ಳುಹಂದಿಯನ್ನೇ ತಗೊಳ್ಳಿ: 'ಮೂರನೇ ಕಂತಿನಲ್ಲಿ ಬಸ್ಸಿನ ಸೀಟಿಗೆ ಬಿದ್ದ ತೂತನ್ನು ಹುಡುಗ ಬೆರಳಲ್ಲಿ ಮುಚ್ಚಿಕೊಂಡು ಕೂರುತ್ತಾನೆ, ಅಲ್ಲಿಂದ ಮುಂದೆ ನಾನು ಓದೋದು ನಿಲ್ಲಿಸಲಿಲ್ಲ.' ಇಷ್ಟು ಸಾಕು. ಕೊನೆಗೆ ಅವನ ಪಕ್ಕ ಯಾರು ಬಂದು ಕೂತರು ಅನ್ನೋದನ್ನ ನೀವು ಹೇಳಬೇಡಿ.

ಹೆಸರುಗಳನ್ನು ಕನ್ನಡಕ್ಕೆ ತರುವಾಗ ಹುಷಾರು. ರಕೂನಿಗೆ ಕನ್ನಡದ ಹೆಸರಿಲ್ಲ, ರಕೂನ್ ಅಂತಲೇ ಬರೆಯಿರಿ, ಪುನುಗು ಬೆಕ್ಕು ಮಾಡಬೇಡಿ. ನಾವು ನರಿ ಅನ್ನೋದು ಹೆಚ್ಚಾಗಿ ರಾತ್ರಿ ಊಳಿಡುವ ಜಾತಿಯನ್ನು, ವಿದೇಶಿ ಕಾಮಿಕ್‌ಗಳ ದಪ್ಪ ಬಾಲದ ಕೆಂಪು ನರಿ ಬೇರೆ ಜಾತಿ. ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ.

ಉಳಿದದ್ದು ಚಿಲ್ಲರೆ ವಿಷಯ. ರ‍್ಯಾಗಿಂಗ್, ಹಿಂಸೆ, ತಮಗೇ ಗಾಯ ಮಾಡಿಕೊಳ್ಳುವಂಥ ದೃಶ್ಯ ಇದ್ದರೆ ಮೊದಲೇ ಎಚ್ಚರಿಸಿ. ಮುದ್ದಾದ ಮೊಲ ಇದೆ ಅಂತ ಆರನೇ ಕ್ಲಾಸಿನ ಮಗುವಿಗೆ ಫೋನು ಕೊಟ್ಟುಬಿಡುವ ಅಪ್ಪ-ಅಮ್ಮ ಇದ್ದಾರೆ. ವಿಮರ್ಶೆಗೆ ಅಂತ ಒಂದೆರಡು ಚೌಕ ಹಾಕಿಕೊಳ್ಳಬಹುದು, 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ವಿಮರ್ಶೆಗಾಗಿ ನ್ಯಾಯವಾಗಿ ಬಳಸಲು ಅವಕಾಶ ಕೊಡುತ್ತದೆ. ಇಡೀ ಕಂತನ್ನೇ ಹಾಕಿದರೆ ಅದು ವಿಮರ್ಶೆ ಆಗೋದಿಲ್ಲ. ಕಲಾವಿದರ ಹೆಸರು, ಓದಲು ಸಿಗುವ ಅಸಲಿ ಜಾಗ ಎರಡನ್ನೂ ಕೊಡಿ. ನಕ್ಷತ್ರ ಕೊಡೋದು ಬಿಡೋದು ನಿಮ್ಮಿಷ್ಟ, ನಾನು ಕೊಡೋದಿಲ್ಲ.

ಬರೆದ ಮೇಲೆ ಆ ವಯಸ್ಸಿನ ಯಾರಿಗಾದರೂ ಓದಿ ಹೇಳಿ. ನಾನು ಅಕ್ಕನ ಮಗಳಿಗೆ ಓದುತ್ತೇನೆ, ಹಾಸನದಲ್ಲಿ ಹತ್ತನೇ ಕ್ಲಾಸು. 'ಮಾಮ, ಹದಿಹರೆಯದ ತಲ್ಲಣ ಅಂತೆಲ್ಲ ಬರೀಬೇಡ, ನಮ್ಮ ಪಿಟಿ ಮೇಷ್ಟ್ರು ಭಾಷಣ ಮಾಡ್ದಂಗಿದೆ' ಅಂದಳು. ತೆಗೆದೆ.

ತಪ್ಪಾಗಿದ್ದರೆ ಮುಚ್ಚಿಡದೆ ತಿದ್ದಿ, ತಿದ್ದಿದ ತಾರೀಖು ಹಾಕಿ. ಆ ನರಿ ಹುಡುಗಿಯ ವಿಮರ್ಶೆಯನ್ನೂ ಹಾಗೇ ತಿದ್ದಿದೆ. ಹಾಸನಕ್ಕೆ ಬಂದು ನೆಟ್ಟಗಿರೋ ನೆಟ್‌ನಲ್ಲಿ ಆ ನಾಲ್ಕು ಚಿತ್ರ ನೋಡಿದೆ. ಅವಳು ಸೈಕಲ್ ತಳ್ಳಿಕೊಂಡು ಹೋಗುತ್ತಿರುತ್ತಾಳೆ. ಮುಖ ಕಾಣೋದಿಲ್ಲ, ಬೆನ್ನು ಮಾತ್ರ. ಮೊದಲ ಮೂರರಲ್ಲಿ ಬಾಲ ಕೋಲಿನ ಥರ ನೆಟ್ಟಗೆ. ನಾಲ್ಕನೆಯದರಲ್ಲಿ ಅದು ನೆಲಕ್ಕೆ ಬಿದ್ದು ಮಣ್ಣಲ್ಲಿ ಗೆರೆ ಎಳೆಯುತ್ತಾ ಹೋಗುತ್ತಿದೆ. ನಾನು ಹೊಗಳಿದ್ದ ಬಿಳಿ ಜಾಗಕ್ಕಿಂತ ಎಷ್ಟೋ ಚೆನ್ನಾಗಿತ್ತು.